ಕೊನೆಯ ಸಾಲಿನ ಎಚ್ಚರಿಕೆ

ಇನ್‌ಸ್ಪೆಕ್ಟರಮ್ಮ ಸಮವಸ್ತ್ರದ ತೋಳಿಗೆ ಗುಂಡಿ ಹೊಲಿಯುತ್ತಿದ್ದರು. ಸೂಜಿ ಬಟ್ಟೆಯಲ್ಲಿರುವಾಗಲೇ ದೂರುದಾರ ಬಂದು ನಿಂತ. ಸೋಮವಾರ, ಬೆಳಿಗ್ಗೆ ಒಂಬತ್ತು.

"ತಂಗಿಗೆ ಆ ಇಂಜೆಕ್ಷನ್ ಆಗಲ್ಲ ಅಂತ ಆಸ್ಪತ್ರೇಲಿ ಬಾಯಿ ಬಡ್ಕೊಂಡೆ. ಬರ್ಕೊಂಡ್ರು. ಆಮೇಲೆ ಅದನ್ನೇ ಚುಚ್ಚಿ ಕೊಂದ್ರು. ಓದೋರಿಲ್ಲದ ಮೇಲೆ ಬರ್ಕೊಂಡಿದ್ದಾದ್ರೂ ಯಾಕೆ, ಮೇಡಂ?"

ಎಫ್‌ಐಆರ್ ದಾಖಲಾಯಿತು. ಡ್ಯೂಟಿ ಡಾಕ್ಟರದು ಒಂದೇ ಮಾತು: "ಔಷಧಿ ಹೆಸರು ಹಾಕಿ ಹುಡುಕಿದೆ. ಏನೂ ಬರಲಿಲ್ಲ."

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ತಂತ್ರಜ್ಞನನ್ನು ಎಲ್ಲರೂ 'ಮಿಂಚು' ಎನ್ನುತ್ತಿದ್ದರು. ಅವನು ಪಂಚರ ಎದುರೇ ಅದೇ ಹೆಸರು ಹಾಕಿ ಹುಡುಕಿದ. ಸತ್ತವಳ ಬಗ್ಗೆ ನರ್ಸ್ ಬರೆದಿದ್ದ ಟಿಪ್ಪಣಿ ತಟ್ಟನೆ ಬಂತು. ಎಚ್ಚರಿಕೆ ಮೊದಲ ಸಾಲಿನಲ್ಲೇ ಇತ್ತು.

"ಡಾಕ್ಟರ್ ಸುಳ್ಳು ಹೇಳ್ತಾರೆ ಅಂತೀಯಾ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ನಾನ್ಯಾಕೆ ಅನ್ಲಿ? ಪರದೆ ಅಂತಿದೆ."

ಆ ಮೊದಲ ಸಾಲೇ ಇನ್‌ಸ್ಪೆಕ್ಟರಮ್ಮನಿಗೆ ಮುಳ್ಳಾಯಿತು. ಊಟ, ನಿದ್ದೆ, ಜ್ವರ ಎಲ್ಲ ಬರೆದು, ಆಗದ ಔಷಧಿಯನ್ನು ಕಟ್ಟಕಡೆಗೆ ಬರೆಯುವುದು ಅಲ್ಲಿನ ನರ್ಸುಗಳ ರೂಢಿ. ಮೇಲಿನ ಮಹಡಿಯಲ್ಲಿ ಮಲಗಿದ್ದ ಅಜ್ಜನೊಬ್ಬನ ಟಿಪ್ಪಣಿ ತೆರೆಸಿ, ಕೊನೆಯ ಸಾಲಿನ ಔಷಧಿಯನ್ನು ಹುಡುಕಿಸಿದರು. ಏನೂ ಸಿಗಲಿಲ್ಲ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದಂಗಾಯ್ತು," ದಫೇದಾರ ಗೊಣಗಿದ.

ಮಿಂಚು ಕೀಲಿಮಣೆಯಿಂದ ಕೈ ತೆಗೆದ. "ಹುಡುಕಾಟ ನಿಧಾನ ಅಂತ ಇಂಡೆಕ್ಸ್ ಕಟ್ಟಿದೆ, ಪುಸ್ತಕದ ಹಿಂದಿನ ಪದಸೂಚಿ ಇದ್ದಂಗೆ. ಇಂಗ್ಲಿಷ್ ಟಿಪ್ಪಣೀಲಿ ಪರೀಕ್ಷೆ ಮಾಡಿದಾಗ ಎಲ್ಲ ಹಿಡೀತು. ನಮ್ಮ ಕನ್ನಡ ಅಕ್ಷರ ಮೂರು ಪಟ್ಟು ಜಾಗ ತಿನ್ನುತ್ತೆ. ಉದ್ದ ಬರೆದಿದ್ದನ್ನ ಪೂರ್ತಿ ಇಂಡೆಕ್ಸಿಗೆ ಸೇರಿಸೋಕೆ ಡೇಟಾಬೇಸ್ ಒಪ್ಪಲೇ ಇಲ್ಲ. ಮೊದಲ ತುಂಡಿಗಷ್ಟೇ ಇಂಡೆಕ್ಸ್ ಹಾಕ್ದೆ. ಹುಡುಕಿದ್ರೆ ಆ ತುಂಡನ್ನಷ್ಟೇ ನೋಡುತ್ತೆ."

"ಅವಳು ಸತ್ತ ಮೇಲೆ ಕೊನೆ ಸಾಲನ್ನ ಮೇಲಕ್ಕೆ ತಂದೋರು?"

"ನಾನೇ."

"ಮೊದ್ಲೇ ಗೊತ್ತಿತ್ತಲ್ಲ. ಬಾಯಿಗೇನಾಗಿತ್ತು?"

"ಹುಡುಕಾಟ ಚುರುಕಾಯ್ತು ಅಂತ ಸಭೇಲಿ ಬೆನ್ನು ತಟ್ಟಿ 'ಮಿಂಚು' ಅಂದ್ರು, ಮೇಡಂ. ಮನೇಲಿ ಅಪ್ಪ ಸಾಯೋವರೆಗೂ ನನ್ನ 'ದಡ್ಡ' ಅಂತಲೇ ಕರೆದಿದ್ದು." ಅವನ ದನಿ ಇಳಿಯಿತು. "ಹುಡುಕಾಟ ನಂಬಬೇಡಿ, ಕೊನೇವರೆಗೂ ಓದಿ ಅಂತ ಎಲ್ಲ ವಾರ್ಡಿಗೂ ಪತ್ರ ಬರೆದಿಟ್ಟೆ. ಕಳಿಸೋಕೆ ಬೆರಳು ಏಳಲಿಲ್ಲ."

ಪತ್ರ ಕಂಪ್ಯೂಟರಿನಲ್ಲೇ ನಾಲ್ಕು ತಿಂಗಳಿಂದ ಕೊಳೆಯುತ್ತಿತ್ತು. ಅದರ ಪ್ರತಿ ಜಪ್ತಿಯಾಯಿತು; ಪಂಚರು ಸಹಿ ಹಾಕಿದರು. ಸಂಜೆ ಐದಕ್ಕೆ ಬಂಧನವೆಂದು ದಫೇದಾರ ಬರೆದುಕೊಂಡ. ಹೊರಗೆ ಔಷಧಿಯ ತಳ್ಳುಗಾಡಿ ಗಡಗಡ ಎನ್ನುತ್ತ ಲಿಫ್ಟಿನ ಕಡೆ ಹೊರಟಿತು.

ಇನ್‌ಸ್ಪೆಕ್ಟರಮ್ಮ ಬೇಡಿ ಹಾಕುತ್ತಿದ್ದ ದಫೇದಾರನ ಕೈ ತಡೆದರು.

"ಮೇಲೆ ಅಜ್ಜ ಇದ್ದಾರೆ. ಮೊದ್ಲು ಆ ಪತ್ರ ಕಳಿಸು."

ಮಿಂಚು ಕಳಿಸಿದ.