ಪೂರ್ವಕ್ಕೆ ಮುಖ ಮಾಡಿದ ಮಶೀನು

"ವೈನಿ, ಆರತಿ ಮುಗೀತಲ್ಲ... ಸ್ವಲ್ಪ ಬಾಜೂಕ ಸರಿ. ಟೆಂಪೋದವ್ರು ಮಶೀನ್ ಎತ್ತಬೇಕು!"

ಮೈದುನ ಸುಭಾಷನ ಮಾತು ಶಿವಕುಮಾರಿಗೆ ಅರ್ಥವೇ ಆಗಲಿಲ್ಲ. ಖಂಡೇನವಮಿಯ ದಿನ ಪೂಜೆಗೆ ಕೂತ ಮಶೀನನ್ನು ಯಾರಾದರೂ ಅಲ್ಲಾಡಿಸುತ್ತಾರೆಯೇ? ಮುಂಬೈ ಬೊರಿವಲಿಯ ಆ ಪುಟ್ಟ ವರ್ಕ್‌ಶಾಪಿನಲ್ಲಿ ಆಳೆತ್ತರಕ್ಕೆ ನಿಂತ ಡ್ರಿಲ್ ಮಶೀನಿಗೆ ಈಗಷ್ಟೇ ಅವಳು ಚೆಂಡುಹೂವಿನ ಹಾರ ಹಾಕಿದ್ದಳು. ಗಂಡ ಹಣಮಂತ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಅದೊಂದೇ. ಕಟ್ಟಿಗೆಯ ಬಾಗಿಲಿಗೆ, ಕಬ್ಬಿಣದ ಪಟ್ಟಿಗೆ ತೂತು ಕೊರೆದೇ ಅತ್ತೆಯನ್ನು ಸಾಕಿದ್ದಳು, ಈ ಸುಭಾಷನನ್ನು ಓದಿಸಿ ಪವಾಯಿಯ ಆಫೀಸಿಗೆ ಮುಟ್ಟಿಸಿದ್ದಳು.

ನಿನ್ನೆ ಅದೇ ಸುಭಾಷ ಬಂದು, "ವೈನಿ, ಈ ಸಲ ಮಶೀನ್ ಪೂರ್ವಕ್ಕ ಮಾರಿ ಮಾಡಿ ಪೂಜಿ ಮಾಡೂಣು. ಅಣ್ಣಗ ಭಾಳ ಆಸೆ ಇತ್ತು" ಅಂದಿದ್ದ. ಸತ್ತ ಗಂಡನ ಹೆಸರೆತ್ತಿದರೆ ಯಾವ ಹೆಣ್ಣು ಬೇಡವೆಂದಾಳು? ನೆಲಕ್ಕೆ ಬಿಗಿದಿದ್ದ ಬೋಲ್ಟುಗಳನ್ನು ಅವಳೇ ಪಾನಾ ಹಿಡಿದು ಬಿಚ್ಚಿಕೊಟ್ಟಿದ್ದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮುಗಿಸಿದ್ದ ಪುಣ್ಯಾತ್ಮ!

"ಅತ್ತಿ, ನೋಡ್ರಿ... ಇವ ಮಶೀನ್ ಮಾರ್‍ಯಾನ!"

ಅತ್ತೆ ರುಕ್ಮಿಣಿಬಾಯಿ ಮುಖ ತಿರುಗಿಸಿದಳು. "ನನಗ ಗೊತ್ತೈತಿ. ಇವಗ ಗೊತ್ತು ಮಾಡಿದ ಹುಡುಗಿ ಶೀತಲಳ ಮನಿಯವ್ರು ದೊಡ್ಡ ಮಂದಿ. ನಮ್ಮ ಹಿರೀ ಸೊಸಿ ಗಂಡಸರಗತೆ ಮಶೀನ್ ನಡಸ್ತಾಳ ಅಂದ್ರ ಲಗ್ನ ಮುರೀತಾರ."

"ಇದು ನಿಮ್ಮ ಹಿರೀ ಮಗಂದ್ರೀ..."

"ಮಗಂದು ಅಂದ್ರ ನಂದು!"

"ಮುಂದ ನನ್ನ ಗತಿ?"

"ನಾ ಇಲ್ಲೇನು ವೈನಿ? ಮನ್ಯಾಗ ಆರಾಮ ಇರು" ಎಂದ ಸುಭಾಷ. ಅವಳ ಅನ್ನ ಉಂಡು ಬೆಳೆದವನು ಅವಳಿಗೆ ಅನ್ನ ಹಾಕುವ ಮಾತಾಡಿದ್ದ. ಎಂಥ ದೊಡ್ಡಸ್ತಿಕೆ!

ಆಳುಗಳು ಎತ್ತಿದಾಗ ಮಶೀನು ವಾಲಿತು. "ಮಶೀನಿನ ತಲಿ ಭಾರ ಐತಿ, ಅದರ ಕಂಬ ಹಿಡೀರಿ!" ಎಂದು ಚೀರಿದ ಶಿವಕುಮಾರಿ ಓಡಿಹೋಗಿ ತಾನೇ ಹೆಗಲು ಕೊಟ್ಟಳು. ಕಣ್ಣೀರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಹಾರದ ಸಮೇತ ಮಶೀನನ್ನು ಹೊತ್ತು ಟೆಂಪೋ ಹೊರಟುಹೋಯಿತು.

ಮರುದಿನ ದಸರಾ. ಪ್ರತಿವರ್ಷ ಸುಭಾಷ ಮೊದಲ ಬನ್ನಿ ಕೊಡುತ್ತಿದ್ದುದು ವೈನಿಗೇ. ಅಂದೂ ಬಂದ, ಏನೂ ಆಗಿಲ್ಲವೆಂಬಂತೆ.

"ಬನ್ನಿ ತಗೊಂಡು ಬಂಗಾರದಂಗ ಇರೂಣು ವೈನಿ..." ಎಂದು ಬಗ್ಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಬ್ಯಾಡ ಸುಭಾಷ. ನಿನ್ನ ಲಗ್ನಕ್ಕಂತ ಕೇಳಿದ್ರ ಅತ್ತಾದ್ರೂ ಕೊಡ್ತಿದ್ದೆ... ಆದ್ರ ನನ್ನ ಕೈಲೇ ಬಿಚ್ಚಿಸಿದಿಯಲ್ಲೋ!"

ಅವನ ಕೈಯ ಬನ್ನಿ ಹಾಗೇ ಉಳಿಯಿತು. ಹಬ್ಬ ಮುಗಿದ ಬೆಳಿಗ್ಗೆ ಶಿವಕುಮಾರಿ ಲೋಕಲ್ ಹಿಡಿದು ಸಾಂತಾಕ್ರೂಜಿಗೆ ಹೋದಳು, ಬೇರೆಯವರ ಮಶೀನು ನಡೆಸಲು.