ತಲೆಬರಹ ಮಾತ್ರ ಓದಿದವಳು

"ಈ ಪತ್ರಿಕೆ ನಾನು ಓದಲ್ಲ!"

ಪರೀಕ್ಷೆಯ ಕುರ್ಚಿಯಲ್ಲಿ ಕೂತವನು ಹಾಗೆಂದು ಹಾಳೆಯನ್ನು ವಾಪಸ್ ನೀಡಿದಾಗ, ಕನ್ನಡಕದಂಗಡಿಯಲ್ಲಿ ಕಣ್ಣು ನೋಡುವ ಹುಡುಗಿಗೆ ಮೈಯೆಲ್ಲ ಉರಿಯಿತು. ಹತ್ತಿರದ ದೃಷ್ಟಿ ನೋಡಲು ಅವಳು ಎಲ್ಲರ ಕೈಗೂ ತನ್ನ ಪತ್ರಿಕೆಯನ್ನೇ ಕೊಡುತ್ತಿದ್ದಳು. ಅಪ್ಪ ಮೊದಲಿನಿಂದ ತರಿಸುವ ಪತ್ರಿಕೆ, ಅದರಲ್ಲಿ ಬಂದದ್ದು ಅವಳಿಗೆ ವೇದವಾಕ್ಯ.

"ನಾನು ನೋಡ್ತಿರೋದು ನಿಮ್ಮ ಕಣ್ಣನ್ನ ಸ್ವಾಮಿ. ಅಭಿಪ್ರಾಯಾನ ಅಲ್ಲ!"

"ಇದು ನಮ್ಮಂಥ ಬಸ್ ಡ್ರೈವರ್‌ಗಳನ್ನ ದಿನಾ ಬೈಯುತ್ತೆ. ಬೈಸಿಕೊಳ್ಳೋಕೆ ಕನ್ನಡಕ ಬೇರೆ ಹಾಕ್ಕೋಬೇಕಾ?"

ಚೀಲದಿಂದ ತನ್ನ ಪತ್ರಿಕೆ ತೆಗೆದು ಗಡಗಡನೆ ಓದಿದ. ಅವಳು ಬಗ್ಗಿ ನೋಡಿದಳು. ಅವನು ಓದಿದ ಸಾಲು ಅಲ್ಲಿರಲೇ ಇಲ್ಲ!

"ಒಂದಕ್ಷರಾನೂ ಕಾಣಿಸ್ತಿಲ್ಲ, ಅಂದಾಜಲ್ಲಿ ಓದ್ತಿದ್ದೀರ!"

"ನಮ್ಮ ಪತ್ರಿಕೆ ಏನು ಬರೆದಿರುತ್ತೆ ಅಂತ ಗೊತ್ತಿರುತ್ತಲ್ಲ..." ಎಂದು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ.

ಕನ್ನಡಕ ತಯಾರಾದ ಮೇಲೂ ಅವನು ಬರುತ್ತಲೇ ಇದ್ದ. ಒಮ್ಮೆ ಮೂಗು ಒತ್ತುತ್ತದೆ, ಇನ್ನೊಮ್ಮೆ ಕಡ್ಡಿ ಸಡಿಲ. ಕಡ್ಡಿಗೆ ಏನೂ ಆಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಂದು ಸಂಜೆ ಕೇಳಿಯೇಬಿಟ್ಟ.

"ನಿಮ್ಮ ಅಪ್ಪನ ಹತ್ರ ಬಂದು ಮಾತಾಡ್ಲಾ?"

"ನಾಳೆ ಹೇಳ್ತೀನಿ..."

ಡ್ರೈವರ್ ಅಳಿಯ ಎಂದರೆ ಅಪ್ಪ ಸೂರು ಹಾರಿಹೋಗುವಂತೆ ಕೂಗಾಡುತ್ತಾರೆ.

ಮರುದಿನ ಅವಳ ಪತ್ರಿಕೆಯ ಮೊದಲ ಪುಟದಲ್ಲೇ 'ಡಿಪೋದಲ್ಲಿ ಚಾಲಕರ ಹೊಡೆದಾಟ'. ಕೆಳಗಿನ ಚಿತ್ರದ ನಡುವೆ, ಹರಿದ ಅಂಗಿಯಲ್ಲಿ, ಅವನು!

'ಇವರೆಲ್ಲ ಇಷ್ಟೇ' ಎಂದುಕೊಂಡು ಪತ್ರಿಕೆ ಮಡಚಿಟ್ಟಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಕಣ್ಣು ನೋಡುವವಳಿಗೇ ಅದು ತಗುಲಿತ್ತು. ಸಂಜೆ ಅವನು ಬಂದಾಗ ಒಳಕೋಣೆಯಿಂದ ಹೊರಬರದೆ, ತನಗೆ ಇಷ್ಟವಿಲ್ಲವೆಂದು ಮಾಲೀಕರ ಬಾಯಲ್ಲಿ ಹೇಳಿಸಿದಳು. ಅವನು ಏನೂ ಕೇಳದೆ ಹೋದ.

ವಾರ ಕಳೆದ ಮೇಲೆ ಒಬ್ಬ ಅಜ್ಜಿ ಪರೀಕ್ಷೆಗೆ ಬಂದರು. ಅವಳು ಕೈಗೆ ಸಿಕ್ಕ ಹಳೆಯ ಪತ್ರಿಕೆಯ ಹಾಳೆ ಕೊಟ್ಟಳು. ಅಜ್ಜಿ ಅಕ್ಷರ ಕೂಡಿಸಿ ಕೂಡಿಸಿ ಓದಿದರು.

"ಜಗಳ... ಬಿಡಿಸಲು ಹೋಗಿ... ಪೆಟ್ಟು ತಿಂದ ಚಾಲಕ... ಚಿತ್ರದ ಮಧ್ಯದಲ್ಲಿ..."

"ಏನಂದ್ರಿ ಅಜ್ಜಿ?!"

"ನಾನೇನಂದೆ ಮಗಾ? ಇದರಲ್ಲಿ ಬರೆದಿದೆ."

ಪತ್ರಿಕೆ ಸುಳ್ಳು ಹೇಳಿರಲಿಲ್ಲ, ಅವಳೇ ಓದಿರಲಿಲ್ಲ. ಅಜ್ಜಿಯ ಪರೀಕ್ಷೆ ಮುಗಿಸಿದವಳೇ ಡಿಪೋಗೆ ಓಡಿದಳು.

ಡಿಪೋದಲ್ಲಿ ಅವನು ಬಸ್ಸಿನ ಗಾಜು ಒರೆಸುತ್ತಿದ್ದ. ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತಿತ್ತು.

"ಬಿಡಿಸೋಕೆ ಹೋಗಿದ್ದೆ ಅಂತ ಒಂದು ಮಾತು ಹೇಳಬಾರದಿತ್ತಾ?"

"ನಿಮ್ಮ ಪತ್ರಿಕೇಲೇ ಬಂದಿತ್ತಲ್ಲ! ಆವತ್ತು ನಾನೂ ಕೊಂಡು ಓದ್ದೆ. ಓದಿಯೂ ಬೇಡ ಅಂದ್ರಲ್ಲ ಅಂತ ಸುಮ್ಮನಾದೆ."

ಅವಳ ಕಣ್ಣು ತುಂಬಿತು.

"ತಲೆಬರಹ ನೋಡಿ ಬಿಟ್ಟೆ. ಮುಂದಕ್ಕೆ ಓದೋದು ನಂಗೇ ಬೇಕಿರಲಿಲ್ಲ. ಅಪ್ಪನ ಹೆದರಿಕೆ... ನಿಮ್ಮನ್ನ ಬೇಡ ಅನ್ನೋಕೆ ಒಂದು ನೆಪ ಹುಡುಕ್ತಿದ್ದೆ, ಸಿಕ್ತು."

ಅವನು ಒದ್ದೆ ಬಟ್ಟೆ ಹಿಂಡುತ್ತ ನಿಂತ.

"ಈಗ?"

"ಬರ್ತಾ ದಾರೀಲೇ ಅಪ್ಪಂಗೆ ಫೋನ್ ಮಾಡಿದೆ. ಕೂಗಾಡಿದ್ರು. ಆಮೇಲೆ, ಭಾನುವಾರ ಕರ್ಕೊಂಡು ಬಾ ಅಂದ್ರು."

"ಹೊಡೀತಾರಾ?"

"ಹೊಡೆದ್ರೆ..." ಅವಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡಳು. "ಈ ಸಲ ಬಿಡಿಸೋಕೆ ನಾನಿರ್ತೀನಿ."