ಒಂದು ಮುಖದ ಬಾಕಿ

೨೦೨೪ರ ಜುಲೈ ೧೪, ಭಾನುವಾರ. ಅಂದು ಮಧುಕುಮಾರ್ ತೆಗೆದ ಚಿತ್ರಗಳು ಒಟ್ಟು ಮೂವತ್ತಾರು. ಜನರ ಬೆನ್ನು ಮೂವತ್ತೊಂದು, ನಾಯಿ ಎರಡು, ಖಾಲಿ ಬೆಂಚು ಒಂದು, ಅವನದೇ ಹೆಬ್ಬೆರಳು ಒಂದು, ಮುಖ ಒಂದು.

ಮೂವತ್ತಾರು ಎಂಬುದು ಹುಲಿಯಪ್ಪ ಮೇಷ್ಟ್ರ ನಿಯಮ. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಅವರು ಹಾಸನದಲ್ಲಿ ಹನ್ನೆರಡು ಮಂದಿ ಹೊಸಬರನ್ನು ಕಟ್ಟಿಕೊಂಡು ಬೀದಿಯ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ದಿನಕ್ಕೆ ಮೂವತ್ತಾರಕ್ಕಿಂತ ಹೆಚ್ಚು ತೆಗೆಯಕೂಡದು, ತೆಗೆದದ್ದನ್ನು ಅಳಿಸಕೂಡದು, ಎಲ್ಲವನ್ನೂ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ ನೋಡಬೇಕು. ನಾಲ್ಕನೆಯ ನಿಯಮವೇ ಕಷ್ಟದ್ದು.

"ಕೇಳಿ ತೆಗಿ ಕಣ್ಲಾ. ಬ್ಯಾಡ ಅಂದ್ರೆ ನಕ್ಕು ಮುಂದಕ್ಕೋಗು. ಅದ್ರಾಗೇನ್ ಮಾನ ಓಗಾದು?"

ಮಧುಕುಮಾರನಿಗೆ ಕೇಳಲು ಬಾಯಿ ಬರುತ್ತಿರಲಿಲ್ಲ. ಹೊಳೆನರಸೀಪುರದ ಹೊರಗಿನ ವೇ ಬ್ರಿಡ್ಜ್‌ನಲ್ಲಿ ಲಾರಿಗಳ ತೂಕ ಬರೆದುಕೊಳ್ಳುವುದು ಅವನ ಕೆಲಸ. ಆರು ವರ್ಷದಿಂದ ಲಾರಿಯ ನಂಬರನ್ನೂ ಯಂತ್ರದ ಅಂಕಿಯನ್ನೂ ನೋಡಿದ್ದನೇ ಹೊರತು, ಕಿಟಕಿಯಿಂದ ಚೀಟಿಗೆ ಕೈ ಚಾಚುವವರ ಮುಖವನ್ನು ನೋಡಿದವನಲ್ಲ. ಹಳೆಯ ಕ್ಯಾಮೆರಾ ಕೊಂಡು ಮೊದಲ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದಾಗಲೂ ಅಷ್ಟೇ. ಎದುರಿಗೆ ಬಂದವರು ದಾಟಿಹೋಗುವವರೆಗೆ ಕಾಯುವುದು, ಆಮೇಲೆ ಕ್ಲಿಕ್ ಮಾಡುವುದು.

ಜುಲೈ ಹದಿನಾಲ್ಕರ ಮೂವತ್ತಾರನೆಯ ಚಿತ್ರವನ್ನೂ ಅವನು ಬೆನ್ನಿಗೆಂದೇ ಹಿಡಿದಿದ್ದ. ಅರಕಲಗೂಡಿನ ಬಸ್ ನಿಲ್ದಾಣದ ಕಂಬದ ಬಳಿ ಒಬ್ಬಳು ಬರಿಗೈಯಲ್ಲಿ ನಿಂತಿದ್ದಳು. ಅವನು ಬೆರಳೊತ್ತುವುದಕ್ಕೂ ಅವಳು ತಿರುಗುವುದಕ್ಕೂ ಸರಿಹೋಯಿತು. ಕಣ್ಣು ತುಂಬಿತ್ತು. ತುಂಬಿದ ಕಣ್ಣು ನೇರವಾಗಿ ಅವನನ್ನು ಹಿಡಿಯಿತು.

ಏನಾದರೂ ಹೇಳಬೇಕಿತ್ತು. ಅವನು ಹೊರಟಿದ್ದ ಬಸ್ಸನ್ನು ಓಡಿ ಹತ್ತಿದ.

ಆ ಒಂದು ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಮೇಷ್ಟ್ರು ಎರಡು ಬೆರಳಿನಿಂದ ಹಿಗ್ಗಿಸಿದರು. ಆಮೇಲೆ, "ಇದು ಗೋಡೆಗೆ ಬತ್ತದೆ" ಎಂದರು. ಹೊಸಬರ ಪ್ರದರ್ಶನ ಆಗಸ್ಟ್ ನಾಲ್ಕಕ್ಕೆ, ಹಾಸನದಲ್ಲಿ. ದೊಡ್ಡ ಪ್ರಿಂಟನ್ನು ಅವರೇ ಹಾಕಿಸಿದರು.

*

ಆಗಸ್ಟ್ ಮೂರರ ಶನಿವಾರ ಸಂಜೆ, ನಿಯಮದಂತೆ ಮೂವತ್ತಾರನ್ನೂ ಪ್ರಿಂಟ್ ಹಾಕಿಸಲು ಮಧುಕುಮಾರ್ ಹೊಳೆನರಸೀಪುರದ ಪೇಟೆಬೀದಿಯ ಸಣ್ಣ ಸ್ಟುಡಿಯೋ ಒಂದಕ್ಕೆ ಹೋದ.

ಒಳಗೆ ಒಬ್ಬ ಹುಡುಗಿ ಅವನಿಗೆ ಬೆನ್ನು ಮಾಡಿ ನಿಂತು, ಸ್ಟೂಲಿನ ಮೇಲೆ ಕೂತ ಮುದುಕನೊಬ್ಬನ ಗಲ್ಲವನ್ನು ಒಂದೇ ಬೆರಳಿನಿಂದ ಎತ್ತುತ್ತಿದ್ದಳು. ಅವಳ ಜಡೆಯ ತುದಿಗೆ ಪಾಸ್‌ಪೋರ್ಟ್ ಫೋಟೋ ಕಟ್ಟುವ ಕೆಂಪು ರಬ್ಬರ್ ಬ್ಯಾಂಡಿತ್ತು.

"ಸ್ವಲ್ಪ ಈ ಕಡೆ ತಾತ. ಹಾಂ, ಅಷ್ಟೇ. ಈಗ ಪೆನ್ಷನ್ ಬಂದಂಗೆ ಮುಖ ಮಾಡಿ."

"ಬಂದ್ರೆ ತಾನೇ ಕಣವ್ವಾ."

"ಬಂದೈತೆ ಅನ್ಕೊಳಿ."

ಮುದುಕ ನಕ್ಕ. ಕ್ಲಿಕ್ ಆಯಿತು. ಎಷ್ಟು ಸುಲಭ, ಎಂದುಕೊಂಡ ಮಧುಕುಮಾರ್. ಕೇಳಿದಳು, ಮುಟ್ಟಿದಳು, ತೆಗೆದಳು.

ತಾತ ಹೊರಟಮೇಲೆ ಅವಳು ತಿರುಗದೆಯೇ ಕೈ ಹಿಂದಕ್ಕೆ ಚಾಚಿ ಪೆನ್‌ಡ್ರೈವ್ ಇಸಿದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ಬೆನ್ನು. ಬೆನ್ನು. ನಾಯಿ. ಬೆನ್ನು.

"ಏನ್ ಸಾ ಇದು? ಬೆನ್ನುನೋವಿನ ಡಾಕ್ಟ್ರಾ ನೀವು?"

"ಅಲ್ಲ. ಹೊಸದಾಗಿ ಕಲೀತಿದ್ದೀನಿ."

"ಮೂವತ್ತೊಂದು ಜನ. ಒಬ್ಬರೂ ತಿರುಗಲಿಲ್ವಾ?"

"ಒಬ್ಬರು ತಿರುಗಿದರು."

ಅವಳು ಕೊನೆಯ ಚಿತ್ರವನ್ನು ತೆರೆದಳು.

ಪರದೆಯ ಮೇಲೆ ಆ ಮುಖ ಬಂತು. ಪರದೆಯ ಗಾಜಿನಲ್ಲಿ, ಅದರ ಮೇಲೆಯೇ, ಎದುರು ಕೂತವಳ ಪ್ರತಿಬಿಂಬ ಕಂಡಿತು; ಅದೇ ಮುಖ. ಮಧುಕುಮಾರನ ಕೈ ಕೌಂಟರನ್ನು ಹಿಡಿದುಕೊಂಡಿತು.

ಅವಳು ಕುರ್ಚಿಯನ್ನು ನಿಧಾನವಾಗಿ ತಿರುಗಿಸಿದಳು. ಈ ಸಲ ಕಣ್ಣು ಒಣಗಿತ್ತು. ಅದು ಇನ್ನೂ ಕಠಿಣವಾಗಿತ್ತು.

"ಬಸ್ ಹತ್ತಿ ಓಡಿದೋರು ನೀವೇನಾ?"

"ಹೌದು."

"ಇದು ಬೇರೆ ಯಾರ ಹತ್ರ ಐತೆ?"

ಅವನು ಸುಳ್ಳು ಹೇಳಬಹುದಿತ್ತು. "ನಾಳೆ ಬೆಳಿಗ್ಗೆ ಹತ್ತೂವರೆಗೆ ಹಾಸನದಲ್ಲಿ ಪ್ರದರ್ಶನ ಇದೆ. ಅಲ್ಲಿ ಗೋಡೆಗೆ ಹಾಕ್ತಾರೆ. ಕೆಳಗೆ 'ಅರಕಲಗೂಡು, ಜುಲೈ ಹದಿನಾಲ್ಕು' ಅಂತ, ಪಕ್ಕದಲ್ಲಿ ಮಧುಕುಮಾರ್ ಅಂತ ನನ್ನ ಹೆಸರು ಬರೆದಿದೆ."

ಅವಳು ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದಳು. ಆಮೇಲೆ ಹೇಳಿದ್ದು ಲೆಕ್ಕ ಒಪ್ಪಿಸಿದಂತೆ, ಒಂದರ ಹಿಂದೆ ಒಂದು.

ಅವಳ ಹೆಸರು ಮೇಘಶ್ರೀ. ಅರಕಲಗೂಡಿನ ಹುಡುಗನೊಬ್ಬನೊಂದಿಗೆ ಮದುವೆ ಗೊತ್ತಾಗಿತ್ತು. ಗೊತ್ತು ಮಾಡಿದ್ದು ಸೋದರಮಾವ ಪುಟ್ಟಸ್ವಾಮಿ. ಗಂಡಿನ ಕಡೆಯವರು ಒಂದು ಮಾತು ಹೇಳಿ ಕಳಿಸಿದರು: ಕಂಡ ಕಂಡ ಗಂಡಸರ ಗಲ್ಲ ಮುಟ್ಟುವ ಕೆಲಸ ನಿಲ್ಲಬೇಕು. ಅಪ್ಪ ತೀರಿಕೊಂಡ ಮೇಲೆ ಐದು ವರ್ಷದಿಂದ ಈ ಸ್ಟುಡಿಯೋ ನಡೆಸುತ್ತಿದ್ದವಳು, ಜುಲೈ ಹದಿನಾಲ್ಕರಂದು ಒಬ್ಬಳೇ ಹೋಗಿ ನಿಶ್ಚಿತಾರ್ಥದ ಸೀರೆಯ ಡಬ್ಬಿಯನ್ನು ಅವರ ಜಗಲಿಯ ಮೇಲಿಟ್ಟು ಬಂದಳು. ಮನೆಯಲ್ಲಿ ಫೋಟೋ ಪೇಪರ್ ತರಲು ಹಾಸನಕ್ಕೆ ಹೋಗಿದ್ದೆ ಎಂದಳು; ಮದುವೆ ಬೇಡವೆಂದದ್ದು ಗಂಡಿನ ಕಡೆಯವರೇ ಎಂದಳು.

"ಮಾವಂಗೆ ತಿಳಿದ್ರೆ ಬೀಗ ಬೀಳುತ್ತೆ. ಈ ಮಳಿಗೆ ಅವರದು."

"ಅವರು ಪ್ರದರ್ಶನಕ್ಕೆ ಯಾಕೆ ಬರ್ತಾರೆ?"

"ಹಾಸನದಲ್ಲಿ ಅವರದು ಹೋಟ್ಲು. ನಾಳೆ ಪ್ರದರ್ಶನಕ್ಕೆ ವಡೆ, ಉಪ್ಪಿಟ್ಟು ಎಲ್ಲಾ ಅಲ್ಲಿಂದಾನೇ."

ಮಧುಕುಮಾರ್ ಅಲ್ಲಿಯೇ ನಿಂತು ಮೇಷ್ಟ್ರಿಗೆ ಫೋನ್ ಮಾಡಿದ. ಚಿತ್ರಗಳ ಪಟ್ಟಿ ಅಚ್ಚಾಗಿದೆ, ಮೊಳೆ ಹೊಡೆದಾಗಿದೆ, ತಲೆಹರಟೆ ಮಾಡಬೇಡ, ಎಂದು ಅವರು ಇಟ್ಟುಬಿಟ್ಟರು.

"ನಾನು ತೆಗೆಸ್ತೀನಿ," ಎಂದ.

"ಕೇಳದೆ ತೆಗೆಯೋದು ಬರುತ್ತೆ ನಿಮಗೆ. ಕೇಳಿ ತೆಗೆಸೋದು ಬರುತ್ತಾ?" ಅವಳು ಪೆನ್‌ಡ್ರೈವನ್ನು ಕೌಂಟರಿನ ಮೇಲೆ ಅವನತ್ತ ತಳ್ಳಿದಳು. "ನನ್ನ ಮುಖ ಒಂದು ನಿಮ್ಮ ಹತ್ರ ಐತೆ. ಅದು ಬಾಕಿ. ಮರೀಬೇಡಿ."

*

ಬೆಳಗಿನ ಏಳೂಕಾಲರ ಬಸ್ಸಿನಲ್ಲಿ ಅವಳೂ ಇದ್ದಳು. ಮುಂದೆ, ಹೆಂಗಸರ ಸೀಟಿನಲ್ಲಿ. ಅವನು ಐದು ಸಾಲು ಹಿಂದೆ. ಅವಳು ಅವನನ್ನು ನೋಡಿ ಕಿಟಕಿಯತ್ತ ತಿರುಗಿದಳು. ಅಲ್ಲಿಂದ ಹಾಸನದವರೆಗೆ ಅವನಿಗೆ ಕಂಡದ್ದು ಬೆನ್ನು ಮಾತ್ರ.

ತಾನು ಇದುವರೆಗೆ ತೆಗೆದ ಬೆನ್ನುಗಳೆಲ್ಲ ಏನೂ ಹೇಳಿರಲಿಲ್ಲ. ಈ ಬೆನ್ನು ಹೇಳುತ್ತಿತ್ತು. ಬಸ್ಸು ನಿಧಾನವಾದಾಗಲೆಲ್ಲ ಹೆಗಲು ಬಿಗಿಯುತ್ತಿತ್ತು. ಮೊಸಳೆ ಎಂಬ ಊರಿನ ಬಳಿ ಕುರಿಮಂದೆ ಅಡ್ಡ ಬಂದು ಬಸ್ಸು ಆರು ನಿಮಿಷ ನಿಂತಾಗ, ಅವಳ ಕೈ ಜಡೆಯ ರಬ್ಬರ್ ಬ್ಯಾಂಡನ್ನು ಬಿಚ್ಚಿತು, ಹಾಕಿತು, ಮತ್ತೆ ಬಿಚ್ಚಿತು. ಕಿಟಕಿಯ ಬೆಳಕು ಕತ್ತಿನ ಮೇಲೆ ಬಿದ್ದಿತ್ತು. ಕ್ಯಾಮೆರಾ ಅವನ ತೊಡೆಯ ಮೇಲಿತ್ತು. ಇಷ್ಟು ಒಳ್ಳೆಯ ಚಿತ್ರ ಅವನ ಎದುರಿಗೆ ಎಂದೂ ಬಂದಿರಲಿಲ್ಲ.

ಅವನು ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆದ.

ಜಿಪ್ಪಿನ ಸದ್ದಿಗೆ ಅವಳು ಅರ್ಧ ತಿರುಗಿದಳು. ಚೀಲವನ್ನು ನೋಡಿದಳು, ಅವನನ್ನು ನೋಡಿದಳು. ಒಂದು ಕ್ಷಣ, ಅಷ್ಟೇ. ಉಳಿದ ದಾರಿಯುದ್ದಕ್ಕೂ ಅವನು ಆ ಕ್ಷಣವನ್ನೇ ಮಡಚಿ ಬಿಡಿಸಿ ನೋಡಿದ.

*

ಗೋಡೆಯ ಮೇಲೆ ನಲವತ್ತು ಚಿತ್ರಗಳಿದ್ದವು. ಹದಿನೇಳನೆಯದು ಅವಳದು. ಅಷ್ಟು ದೊಡ್ಡದಾಗಿ ನೋಡಿ ಮಧುಕುಮಾರನಿಗೇ ನಾಚಿಕೆಯಾಯಿತು.

"ತೆಗೀಬೇಕು ಮೇಷ್ಟ್ರೇ."

"ಲೇ ಮಧು, ರಸ್ತೆಯಾಗೆ ತೆಗೆದದ್ದು ತಪ್ಪಲ್ಲ ಕಣ್ಲಾ. ಇವತ್ತು ಮೊದಲನೇ ಬಹುಮಾನ ಇದಕ್ಕೇ."

"ಕೇಳಿ ತೆಗಿ ಅಂದೋರು ನೀವೇ. ನಾನು ಕೇಳಲಿಲ್ಲ. ಅವರು ಅಳ್ತಿದ್ದರು, ನಾನು ಓಡಿಹೋದೆ."

"ಈಗ ತೆಗೆದ್ರೆ ನಿನ್ ಚಿತ್ರ ಈ ಗೋಡೆಗೆ ಇನ್ನ ಬರಾಕಿಲ್ಲ. ಯೋಚ್ನೆ ಮಾಡು."

ಮಧುಕುಮಾರ್ ಯೋಚಿಸಲಿಲ್ಲ. ಮೂರು ತಿಂಗಳಲ್ಲಿ ಅವನು ತೆಗೆದ ಒಂದೇ ಒಂದು ಮುಖದ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೊಳೆಯಿಂದ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಮೇಘಶ್ರೀ ಉಸಿರು ಬಿಟ್ಟದ್ದು ಅಲ್ಲಿಗೆ ಕೇಳಿಸಿತು.

ಅದೇ ಬಾಗಿಲಿನಿಂದ, ಅವಳ ಪಕ್ಕದಲ್ಲಿಯೇ, ಸ್ಟೀಲಿನ ಡ್ರಮ್ಮನ್ನು ಸೊಂಟಕ್ಕಾನಿಸಿಕೊಂಡು ಪುಟ್ಟಸ್ವಾಮಿ ಒಳಗೆ ಬಂದ. ಹಣೆ ತುಂಬ ಬೆವರು, ಹೆಗಲ ಮೇಲೆ ಟವಲು.

"ಏನವ್ವಾ ಮೇಘ, ನೀನಿಲ್ಲಿ?"

"ಫೋಟೋ ನೋಡೋಕೆ ಬಂದೆ ಮಾವ."

"ನೋಡು, ನೋಡು." ಅವನು ಡ್ರಮ್ಮನ್ನು ಮೇಜಿನ ಮೇಲಿಟ್ಟು ಗೋಡೆಯನ್ನೊಮ್ಮೆ ಕಣ್ಣಾಡಿಸಿದ. ಕಣ್ಣು ಖಾಲಿ ಮೊಳೆಯ ಮೇಲೆ ನಿಂತು, ಅಲ್ಲಿಂದ ಮಧುಕುಮಾರನ ಮೇಲೆ ಬಂತು. "ಅದೇನಪ್ಪ, ಮಗೀನಂಗೆ ಎದೆಗವಚ್ಕಂಡಿದ್ದೀಯ? ತೋರ್ಸು."

"ಇದು ತೋರಿಸೋದಲ್ಲ ಅಣ್ಣ."

"ಗೋಡೆ ಮ್ಯಾಲಿದ್ದದ್ದು ತಾನೇ? ನಮ್ ವಡೆ ಎಲ್ರೂ ತಿನ್ಬೋದು, ನಿನ್ ಫೋಟೋ ನಾವ್ ನೋಡಂಗಿಲ್ವಾ?" ಅವನು ಹತ್ತಿರ ಬಂದು ಚೌಕಟ್ಟಿಗೆ ಕೈ ಹಾಕಿದ. ಮಧುಕುಮಾರ್ ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನಿಗೆ ಗೋಡೆ ತಗುಲಿತು.

"ಕೇಳದೆ ತೆಗೆದದ್ದು ಅಣ್ಣ. ತೋರಿಸೋ ಹಕ್ಕು ನನಗಿಲ್ಲ. ಬೇಕಾದ್ರೆ ಬಯ್ಯಿರಿ."

"ಪುಟ್ಟಸ್ವಾಮಿ, ಅದು ಫೇಲಾಗಿರಾದು ಕಣಯ್ಯ," ಎಂದರು ಮೇಷ್ಟ್ರು, ಯಾರ ಕಡೆಗೂ ನೋಡದೆ. "ಚಟ್ನಿ ಎಲ್ಲಿ?"

ಪುಟ್ಟಸ್ವಾಮಿಯ ಕೈ ಚೌಕಟ್ಟನ್ನು ಬಿಡಲಿಲ್ಲ. ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ.

ಮೇಘಶ್ರೀ ಇಬ್ಬರ ನಡುವೆ ಬಂದು ನಿಂತಳು. ಮಧುಕುಮಾರನ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು: ನಾನು ಹೇಳದಿದ್ದರೆ ನೀವು ಎಷ್ಟು ಹೊತ್ತು ಹೀಗೆಯೇ ಹಿಡಿದು ನಿಲ್ಲುತ್ತೀರಿ? ಎಷ್ಟು ಹೊತ್ತಾದರೂ, ಎಂದಿತು ಅವನ ನೋಟ. ಅವಳ ಹೆಗಲು ಇಳಿಯಿತು.

"ಕೊಡಿ," ಎಂದಳು. "ಮುಖ ನನ್ನದು. ಮಾತೂ ನನ್ನದೇ ಆಗಲಿ."

ಅವಳೇ ಚಿತ್ರವನ್ನು ತಿರುಗಿಸಿ ಮಾವನ ಮುಂದೆ ಹಿಡಿದಳು. "ಅರಕಲಗೂಡು ಬಸ್‌ಸ್ಟ್ಯಾಂಡು ಮಾವ. ಸೀರೆ ವಾಪಸ್ ಕೊಟ್ಟು ಬಂದದ್ದು ನಾನೇ. ಅವರು ಬೇಡ ಅನ್ನಲಿಲ್ಲ. ನಾನು ಅಂದೆ. ಅಂಗಡಿ ಮುಚ್ಚೋಕೆ ನನ್ನ ಕೈಲಾಗಲ್ಲ."

ಪುಟ್ಟಸ್ವಾಮಿ ಚಿತ್ರವನ್ನು ನೋಡಿದ. ಟವಲಿನಿಂದ ಮುಖ ಒರೆಸಿಕೊಂಡು ಮತ್ತೆ ನೋಡಿದ.

"ಯಾಕವ್ವಾ ಅಳ್ತಿದ್ದೀಯ ಇದ್ರಾಗೆ?"

ಅವಳು ಚಿತ್ರವನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು. ಮಧುಕುಮಾರನ ತಲೆ ತಗ್ಗಿತು. ತಾನು ಆ ದಿನ ಕೇಳಬೇಕಿದ್ದ ಮಾತು ಇಷ್ಟೇ ಆಗಿತ್ತು.

"ಮಾತು ಕೊಟ್ಟೋನು ನಾನು," ಎಂದ ಪುಟ್ಟಸ್ವಾಮಿ ಕೊನೆಗೆ. "ಅರಕಲಗೂಡಿನಾಗೆ ನಾನಿನ್ನ ತಲೆ ಎತ್ಕಂಡು ಓಡಾಡಂಗಿಲ್ಲ. ಒಂದು ತಿಂಗ್ಳು ನನ್ನ ಮಾತಾಡಿಸ್ಬ್ಯಾಡ."

"ಅಂಗಡಿ ಮಾವ?"

"ಅದಕ್ಕೇನಾಯ್ತು ಈಗ? ನಾಳೆ ಬಾಗ್ಲು ತೆಗಿ. ಗಿರಾಕಿ ಕಾಯ್ತಾರೆ." ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಕೂಗಿದ: "ವಡೆ ಬಿಸಿ ಐತೆ. ತಿನ್ಕಂಡೋಗು!"

*

ಹೊರಗೆ, ಕಾಂಪೌಂಡಿನ ಗೋಡೆಯ ಪಕ್ಕದಲ್ಲಿ, ಕಾಗದದ ತಟ್ಟೆಯಲ್ಲಿ ಎರಡು ವಡೆ. ಪ್ರದರ್ಶನದ ಗದ್ದಲ ಒಳಗೆ ಶುರುವಾಗಿತ್ತು. ಚಿತ್ರ ಅವಳ ಕಂಕುಳಲ್ಲಿತ್ತು.

"ಈಗ ಕೇಳಲಾ?" ಎಂದ ಮಧುಕುಮಾರ್.

"ಏನು?"

"ಅವತ್ತು ಯಾಕೆ ಅಳ್ತಿದ್ರಿ?"

"ಇಪ್ಪತ್ತೊಂದು ದಿನ ಲೇಟು." ಅವಳು ವಡೆ ಮುರಿದಳು. "ಡಬ್ಬಿ ಇಟ್ಟು ಬಂದಮೇಲೆ ಕೈ ಹಗುರಾಯ್ತು. ಇಷ್ಟು ಹಗುರ ಆಗುತ್ತೆ ಅಂತ ಗೊತ್ತಿರಲಿಲ್ಲ. ಅದಕ್ಕೇ." ಒಂದು ಚೂರು ಬಾಯಿಗಿಟ್ಟು, "ಬಸ್ಸಲ್ಲಿ ಯಾಕೆ ತೆಗೀಲಿಲ್ಲ? ಜಿಪ್ ಎಳೆದಿರಲ್ಲ."

"ಕೇಳೋಕೆ ಧೈರ್ಯ ಇರಲಿಲ್ಲ."

"ಕೇಳದೆ?"

"ಅಷ್ಟು ಹೊತ್ತಿಗೆ ಅದು ಬರೀ ಬೆನ್ನಾಗಿ ಉಳಿದಿರಲಿಲ್ಲ." ಅವನ ಕಿವಿ ಬಿಸಿಯಾಯಿತು, ಆದರೂ ಮಾತು ನಿಲ್ಲಲಿಲ್ಲ. "ಈ ಇಪ್ಪತ್ತೊಂದು ದಿನ ನಿಮ್ಮ ಮುಖ ನೋಡಿದಷ್ಟು ನಾನು ಯಾರ ಮುಖಾನೂ ನೋಡಿಲ್ಲ. ಪ್ರತಿ ಸಲಾನೂ ನಾಚಿಕೆ ಆಯ್ತು. ಆದ್ರೂ ನೋಡಿದೆ. ಇನ್ನು ಮೇಲೆ ಕದ್ದು ನೋಡೋದು ಬೇಡ ಅನ್ಸುತ್ತೆ. ಕೇಳಿ ನೋಡಬೇಕು. ನೋಡಬಹುದಾ?"

ಮೇಘಶ್ರೀ ತಟ್ಟೆಯನ್ನು ಗೋಡೆಯ ಮೇಲಿಟ್ಟಳು. ಕೈ ಒರೆಸಿಕೊಂಡಳು. ಅವನ ಚೀಲದ ಜಿಪ್ಪನ್ನು ತಾನೇ ಎಳೆದು ಕ್ಯಾಮೆರಾ ಹೊರತೆಗೆದಳು.

"ಮೊದಲು ಬಾಕಿ ತೀರಲಿ. ಮುಖಕ್ಕೆ ಮುಖ. ನಿಂತ್ಕೊಳಿ ನೆಟ್ಟಗೆ."

ಅವನು ನಿಂತ. ಅವಳು ಕ್ಯಾಮೆರಾದ ಹಿಂದಿನಿಂದ ನೋಡಿ, ತಲೆಯಾಡಿಸಿ, ಹತ್ತಿರ ಬಂದಳು. ಒಂದು ಬೆರಳು ಅವನ ಗಲ್ಲದ ಕೆಳಗೆ ಬಂತು. ನೂರಾರು ಮಂದಿಯ ಗಲ್ಲವನ್ನು ಎತ್ತಿದ ಬೆರಳು. ಎತ್ತಿದಮೇಲೆ ತೆಗೆಯುವುದು ಅದರ ಅಭ್ಯಾಸ. ಈ ಸಲ ಅದು ಒಂದು ಎಣಿಕೆಯಷ್ಟು ತಡಮಾಡಿತು.

"ಉಸಿರಾಡಿ ಸಾ. ಸ್ಟುಡಿಯೋದಲ್ಲಿ ಯಾರೂ ಸತ್ತಿಲ್ಲ."

ಕ್ಲಿಕ್.

ಅವಳು ಹಿಂದಿನ ಪರದೆಯಲ್ಲಿ ನೋಡಿದಳು. ತುಟಿಯಂಚಿನಲ್ಲಿ ನಗು ಬಂತು, ಅದನ್ನು ಒಳಗೆಳೆದುಕೊಂಡಳು.

"ತೀರಿತಾ?" ಎಂದ.

"ಕಣ್ಣು ಮುಚ್ಚಿದ್ದೀರಿ. ಇದು ಲೆಕ್ಕಕ್ಕೆ ಬರಲ್ಲ."

"ಹಾಗಾದರೆ ಇನ್ನೊಂದು ತೆಗೀರಿ."

"ಈಗ ಬೆಳಕು ಸರಿಯಿಲ್ಲ." ಬಿಸಿಲು ಇಬ್ಬರ ಮೇಲೂ ನಿಚ್ಚಳವಾಗಿ ಬಿದ್ದಿತ್ತು. ಅವಳು ಕ್ಯಾಮೆರಾವನ್ನು ಅವನ ಕೊರಳಿಗೆ ಹಾಕಿ, ಪಟ್ಟಿಯನ್ನು ಸರಿಮಾಡಿದಳು. "ಮುಂದಿನ ಭಾನುವಾರ ಎಲ್ಲಿಗೆ?"

"ಚನ್ನರಾಯಪಟ್ಟಣ."

"ನಾನೂ ಬತ್ತೀನಿ. ಕೇಳೋದು ಹೇಗೆ ಅಂತ ನೋಡೋರಂತೆ." ಅಳುವ ಮುಖದ ಚಿತ್ರವನ್ನು ಕಂಕುಳಲ್ಲಿ ಭದ್ರಪಡಿಸಿಕೊಂಡು ಅವಳು ಬಸ್ ನಿಲ್ದಾಣದ ಕಡೆಗೆ ನಡೆದಳು. ಹತ್ತು ಹೆಜ್ಜೆ ಹೋಗಿ ತಿರುಗಿದಳು. ಈ ಸಲ ಅವನು ಓಡಲಿಲ್ಲ.

"ಮಧುಕುಮಾರ್," ಎಂದಳು, ಮೊದಲ ಬಾರಿಗೆ ಹೆಸರು ಹಿಡಿದು, "ಬಾಕಿ ಹಾಗೇ ಇದೆ."